ಮೂವತ್ತೊಂದು ಒಂದುಗಳ ಸಂಖ್ಯೆ

(ರಾಷ್ಟ್ರೀಯ ಗಣಿತ ದಿನದ ಅಂಗವಾಗಿ ಗಂಗಾವತಿಯಲ್ಲಿ ಪಿಯು ಮತ್ತು ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಬೋರ್ಡ್ ಮೇಲೆ ಒಂದೇ ಒಂದು ಸಂಖ್ಯೆ ಬರೆದಿದ್ದೇನೆ: 2147483647. ನಮ್ಮ ರೀತಿಯಲ್ಲಿ ಓದಿದರೆ 214 ಕೋಟಿ 74 ಲಕ್ಷದ 83 ಸಾವಿರದ 647. ಇದು ಅವಿಭಾಜ್ಯ ಸಂಖ್ಯೆ. 1 ಮತ್ತು ಇದೇ ಸಂಖ್ಯೆಯನ್ನು ಬಿಟ್ಟರೆ ಬೇರೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯುತ್ತದೆ. ಇವತ್ತು ಇದೊಂದನ್ನೇ ಹಿಡಿದುಕೊಂಡು ಮಾತಾಡುತ್ತೇನೆ.

ಆದರೆ ಇದು ಅವಿಭಾಜ್ಯ ಅಂತ ನಾನು ಹೇಳಿದೆ ಅಂದಮಾತ್ರಕ್ಕೆ ನೀವು ನಂಬಬೇಕಾಗಿಲ್ಲ. ಪರೀಕ್ಷೆ ಮಾಡುವುದು ಹೇಗೆ? ಶಾಲೆಯಲ್ಲಿ ಕಲಿತ ದಾರಿ ಎಲ್ಲರಿಗೂ ಗೊತ್ತು. ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡುವುದು. ಇದರ ವರ್ಗಮೂಲ 46340ಕ್ಕಿಂತ ಸ್ವಲ್ಪ ಜಾಸ್ತಿ. ಅಲ್ಲಿಯವರೆಗೆ ಸುಮಾರು 4,800 ಅವಿಭಾಜ್ಯ ಸಂಖ್ಯೆಗಳಿವೆ. ಒಂದೊಂದು ಭಾಗಾಕಾರಕ್ಕೆ ಎರಡು ನಿಮಿಷ ಅಂತ ಹಿಡಿದರೂ 160 ಗಂಟೆ. ನಡುವೆ ಎಲ್ಲೂ ಕೈ ತಪ್ಪಬಾರದು.

1772ರಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಈ ಸಂಖ್ಯೆ ಅವಿಭಾಜ್ಯ ಅಂತ ಸಾಧಿಸಿದರು. ಅದನ್ನು ಬರ್ನೂಲಿ ಮನೆತನದ ಒಬ್ಬ ಗಣಿತಜ್ಞರಿಗೆ ಬರೆದ ಪತ್ರದಲ್ಲಿ ತಿಳಿಸಿದರು. ಆಗ ಆಯ್ಲರ್ ಇದ್ದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಒಂದು ಕಣ್ಣಿನ ದೃಷ್ಟಿ ಎಷ್ಟೋ ವರ್ಷಗಳ ಹಿಂದೆಯೇ ಹೋಗಿತ್ತು. 1771ರ ಪೊರೆ ಶಸ್ತ್ರಚಿಕಿತ್ಸೆಯ ನಂತರ ಇನ್ನೊಂದು ಕಣ್ಣೂ ಹೆಚ್ಚುಕಮ್ಮಿ ಹೋಯಿತು. ಇಷ್ಟಾದರೂ ಅವರಿಗೆ ಈ ಕೆಲಸ ಸಾಧ್ಯವಾಯಿತು, ಯಾಕೆಂದರೆ 4,800 ಭಾಗಾಕಾರಗಳನ್ನು ಅವರು ಮಾಡಲೇ ಇಲ್ಲ. ಮಾಡಬೇಕಾದದ್ದು 80ರ ಆಸುಪಾಸು ಅಂತ ಮೊದಲು ಕಂಡುಕೊಂಡರು. ಉಳಿದ ನಾಲ್ಕು ಸಾವಿರಕ್ಕೂ ಹೆಚ್ಚು ಸಂಖ್ಯೆಗಳು ಮುಟ್ಟುವ ಮೊದಲೇ ಬಿದ್ದುಹೋದವು. ಹೇಗೆ ಬಿದ್ದುಹೋದವು ಅನ್ನುವುದೇ ಇವತ್ತಿನ ಮಾತಿನ ತಿರುಳು. ಅದಕ್ಕೆ ಬೇಕಾದ ಗಣಿತ ನಿಮಗೆ ಈಗಾಗಲೇ ಗೊತ್ತಿದೆ.

ಮೊದಲು ಈ ಸಂಖ್ಯೆಯ ಒಳಗಿನ ರಚನೆ ನೋಡೋಣ. ನಮ್ಮ ತುಂಗಭದ್ರಾ ಡ್ಯಾಂಗೆ 33 ಕ್ರೆಸ್ಟ್ ಗೇಟುಗಳಿವೆ. ತೆರೆದ ಗೇಟಿಗೆ 1, ಮುಚ್ಚಿದ ಗೇಟಿಗೆ 0 ಅಂತ ಬರೆಯಿರಿ. ಆಗ ಡ್ಯಾಂನ ಸ್ಥಿತಿ 33 ಅಂಕಿಗಳ ಒಂದು ಸಾಲಾಗುತ್ತದೆ. ಕಂಪ್ಯೂಟರ್ ಸಂಖ್ಯೆ ಬರೆಯುವುದೂ ಹೀಗೇ. ಬಲತುದಿಯ ಗೇಟಿನ ಬೆಲೆ 1, ಅದರ ಪಕ್ಕದ್ದು 2, ಆಮೇಲೆ 4, 8, 16, ಹೀಗೆ ದುಪ್ಪಟ್ಟಾಗುತ್ತಾ ಹೋಗುತ್ತದೆ. ತೆರೆದ ಗೇಟುಗಳ ಬೆಲೆಯನ್ನೆಲ್ಲ ಕೂಡಿಸಿದರೆ ಸಂಖ್ಯೆ ಸಿಗುತ್ತದೆ. ಈಗ ಎಡಗಡೆಯ ಎರಡು ಗೇಟು ಮುಚ್ಚಿ, ಉಳಿದ 31 ಗೇಟುಗಳನ್ನೂ ತೆರೆಯಿರಿ. ಕೂಡಿಸಿದರೆ ಬರುವುದು ಬೋರ್ಡ್ ಮೇಲಿನ ಸಂಖ್ಯೆಯೇ. ಮೂವತ್ತೊಂದು ಒಂದುಗಳು. 2³¹ಕ್ಕೆ ಒಂದು ಕಡಿಮೆ, ಅಂದರೆ 2³¹ − 1.

ದುಪ್ಪಟ್ಟಾಗುವ ಸಾಲಿನ ಮೊತ್ತವನ್ನು ಒಂದೇ ಏಟಿಗೆ ಹೇಳುವ ರೀತಿ ನಮ್ಮ ನೆಲಕ್ಕೆ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಗುಣೋತ್ತರ ಶ್ರೇಢಿಯ ಮೊತ್ತದ ಸೂತ್ರ ಕೊಟ್ಟಿದ್ದಾರೆ. ಅದೇ ಕಾಲದ ಕವಿರಾಜಮಾರ್ಗ ತಿರುಳುಗನ್ನಡದ ನಾಡನ್ನು ಗುರುತಿಸುವಾಗ ಕೊಪಣನಗರವನ್ನು ಹೆಸರಿಸುತ್ತದೆ. ಅದೇ ನಮ್ಮ ಇಂದಿನ ಕೊಪ್ಪಳ, ಆಗ ಜೈನರ ದೊಡ್ಡ ಕ್ಷೇತ್ರ. ಮಹಾವೀರರೂ ಜೈನರು. ಸಂಖ್ಯೆಗಳನ್ನು ಹಾರದಂತೆ ಪೋಣಿಸುವುದೆಂದರೆ ಅವರಿಗೆ ಬಹಳ ಪ್ರೀತಿ. 142857143ನ್ನು 7ರಿಂದ ಗುಣಿಸಿ ನೋಡಿ. 1000000001 ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಲೆಕ್ಕಗಳು ಅವರ ಗಣಿತಸಾರಸಂಗ್ರಹದಲ್ಲಿವೆ. ಸಂಖ್ಯೆಯ ರೂಪವನ್ನೇ ನೋಡಿ ಖುಷಿಪಡುವುದು ನಮ್ಮಲ್ಲಿ ಅಷ್ಟು ಹಳೆಯದು ಅಂತ ನಿಮಗೆ ಗೊತ್ತಿರಲಿ.

ಮತ್ತೆ ಡ್ಯಾಂಗೆ ಬರೋಣ. 33 ಗೇಟೂ ತೆರೆದಿದ್ದರೆ ಏನಾಗುತ್ತದೆ? 33 ಅಂದರೆ 3 × 11. ಹನ್ನೊಂದು ಹನ್ನೊಂದು ಗೇಟಿನ ಮೂರು ಗುಂಪು ಮಾಡಿ. ಮೂರೂ ಗುಂಪು ನೋಡಲು ಒಂದೇ ಥರ, ಹನ್ನೊಂದು ಒಂದುಗಳು. ಹಾಗಾಗಿ ಇಡೀ ಸಂಖ್ಯೆಯು ಹನ್ನೊಂದು ಒಂದುಗಳ ಸಂಖ್ಯೆಯಿಂದ, ಅಂದರೆ 2047ರಿಂದ, ಭಾಗ ಆಗಲೇಬೇಕು. ಮೂರು ಮೂರು ಗೇಟಿನ ಗುಂಪು ಮಾಡಿದರೆ 7ರಿಂದಲೂ ಭಾಗ ಆಗುತ್ತದೆ ಅಂತ ಕಾಣುತ್ತದೆ. ಭಾಗಿಸುವ ಮೊದಲೇ ಸಂಖ್ಯೆ ಒಡೆಯಿತು. ಗೇಟುಗಳ ಎಣಿಕೆಯನ್ನು ಸಮ ಗುಂಪು ಮಾಡಲು ಬಂದರೆ ಸಂಖ್ಯೆಯೂ ಒಡೆಯುತ್ತದೆ. 31ನ್ನು ಹಾಗೆ ಗುಂಪು ಮಾಡಲು ಬರುವುದಿಲ್ಲ. ಅದು ಅವಿಭಾಜ್ಯ.

ಇಲ್ಲಿ ಅವಸರ ಮಾಡಬೇಡಿ. ಒಂದುಗಳ ಎಣಿಕೆ ಅವಿಭಾಜ್ಯವಾದರೆ ಸಂಖ್ಯೆಯೂ ಅವಿಭಾಜ್ಯ ಅನ್ನಲು ಆಗುವುದಿಲ್ಲ. 11 ಅವಿಭಾಜ್ಯ, ಆದರೆ 2047 ಅಂದರೆ 23 × 89. ಹಿಂದೆ ದೊಡ್ಡ ದೊಡ್ಡವರೂ ಇಲ್ಲಿ ಎಡವಿದ್ದಾರೆ. ಇಟಲಿಯ ಕಟಾಲ್ಡಿ 1588ರ ಹೊತ್ತಿಗೆ 2¹⁷ − 1 ಮತ್ತು 2¹⁹ − 1 ಎರಡೂ ಅವಿಭಾಜ್ಯ ಅಂತ ಭಾಗಿಸಿಯೇ ತೋರಿಸಿದ್ದರು. ಅದು ಸರಿ. ಆಮೇಲೆ ಘಾತ 23, 29, 31, 37 ಆದರೂ ಹಾಗೇ ಅಂದುಬಿಟ್ಟರು. ನಿಂತದ್ದು 31 ಮಾತ್ರ. ಫ್ರಾನ್ಸಿನ ಪಾದ್ರಿ ಮಾರ್ಯಾಂ ಮರ್ಸೆನ್ 1644ರಲ್ಲಿ 257ರವರೆಗಿನ ಇಂಥ ಘಾತಗಳ ಪಟ್ಟಿ ಕೊಟ್ಟರು: 2, 3, 5, 7, 13, 17, 19, 31, 67, 127, 257. ಇದರಲ್ಲಿ 67 ಮತ್ತು 257 ತಪ್ಪು. 61, 89, 107 ಬಿಟ್ಟುಹೋಗಿವೆ. ಆದರೂ ಈ ಬಗೆಯ ಅವಿಭಾಜ್ಯಗಳಿಗೆ ಇವತ್ತಿಗೂ ಮರ್ಸೆನ್ ಅವಿಭಾಜ್ಯ ಅಂತಲೇ ಹೆಸರು. ನನಗೇನೋ ಅದು ನ್ಯಾಯ ಅನಿಸುತ್ತದೆ. ಆ ಪಟ್ಟಿ ಮುನ್ನೂರು ವರ್ಷ ಗಣಿತಜ್ಞರಿಗೆ ಕೆಲಸ ಕೊಟ್ಟಿತು.

ಈಗ ಮುಖ್ಯ ವಿಷಯ. ಪೆನ್ನು ತೆಗೆದುಕೊಳ್ಳಿ. 2047ನ್ನು 23 ಭಾಗಿಸುತ್ತದೆ ಅಂದೆವು. 1ರಿಂದ ಶುರು ಮಾಡಿ ದುಪ್ಪಟ್ಟು ಮಾಡುತ್ತಾ ಹೋಗಿ. 23 ದಾಟಿದಾಗಲೆಲ್ಲ 23 ಕಳೆಯಿರಿ. 1, 2, 4, 8, 16, ಆಮೇಲೆ 32 ಬರಬೇಕು, 23 ಕಳೆದರೆ 9. ಮುಂದೆ 18, 13, 3, 6, 12. ಆಮೇಲೆ 24, ಅಂದರೆ ಮತ್ತೆ 1. ಹನ್ನೊಂದು ಹೆಜ್ಜೆಗೆ ಹೊರಟಲ್ಲಿಗೇ ಬಂದೆವು. ಬರಲೇಬೇಕಿತ್ತು, ಯಾಕೆಂದರೆ 2¹¹ − 1 ಅನ್ನುವುದು 23ರಿಂದ ಭಾಗ ಆಗುತ್ತದೆ. ಹಾಗಾಗಿ 2¹¹ಕ್ಕೆ ಶೇಷ 1.

ಈ ಸುತ್ತಿನಲ್ಲಿ 5 ಬರಲಿಲ್ಲ, ನೋಡಿದಿರಾ? ಈಗ 5ರಿಂದ ಹೊರಡಿ. 5, 10, 20, 17, 11, 22, 21, 19, 15, 7, 14, ಮತ್ತೆ 5. ಇದೂ ಹನ್ನೊಂದೇ. ಎರಡು ಸುತ್ತು ಸೇರಿ 22. 1ರಿಂದ 22ರವರೆಗಿನ ಪ್ರತಿಯೊಂದು ಸಂಖ್ಯೆಯೂ ಯಾವುದೋ ಒಂದು ಸುತ್ತಿನಲ್ಲಿ ಕೂತಿದೆ. ಒಂದೂ ಉಳಿದಿಲ್ಲ, ಒಂದೂ ಎರಡು ಸಲ ಬಂದಿಲ್ಲ.

ಇದು 23ಕ್ಕೆ ಮಾತ್ರ ಆದ ಅದೃಷ್ಟ ಅಲ್ಲ. 2³¹ − 1ನ್ನು ಯಾವುದೋ ಒಂದು ಅವಿಭಾಜ್ಯ ಸಂಖ್ಯೆ ಭಾಗಿಸುತ್ತದೆ ಅಂದುಕೊಳ್ಳಿ. ಅದರ ಶೇಷಗಳ ಮೇಲೂ ದುಪ್ಪಟ್ಟು ಮಾಡುತ್ತಾ ಹೋದರೆ 31 ಹೆಜ್ಜೆಗೆ ಹೊರಟಲ್ಲಿಗೆ ಬರುತ್ತೇವೆ. ಅದಕ್ಕೂ ಮೊದಲೇ ಬರಬಹುದಾ? ಬಂದರೆ ಆ ಹೆಜ್ಜೆಗಳ ಎಣಿಕೆ 31ನ್ನು ಭಾಗಿಸಬೇಕು. 31 ಅವಿಭಾಜ್ಯ, ಆದ್ದರಿಂದ ಉಳಿಯುವುದು 1 ಮಾತ್ರ. ಒಂದೇ ಹೆಜ್ಜೆಗೆ 1 ಹೋಗಿ 2 ಆಗುತ್ತದೆ, ಮತ್ತೆ 1 ಆಗುವುದಿಲ್ಲ. ಹಾಗಾದರೆ ಪ್ರತಿ ಸುತ್ತಿನಲ್ಲೂ ಸರಿಯಾಗಿ 31 ಸಂಖ್ಯೆಗಳು. ಶೇಷಗಳೆಲ್ಲ ಹೀಗೆ 31ರ ಗುಂಪುಗಳಾಗಿ ಹಂಚಿಹೋಗುತ್ತವೆ. ಅಂದರೆ ಭಾಜಕದಿಂದ 1 ಕಳೆದರೆ ಬರುವ ಸಂಖ್ಯೆ 31ರಿಂದ ಭಾಗ ಆಗಲೇಬೇಕು. ಭಾಜಕ ಬೆಸ, ಆದ್ದರಿಂದ 1 ಕಳೆದದ್ದು ಸಮ. ಎರಡೂ ಸೇರಿಸಿ ಹೇಳಿ: ಭಾಜಕ ಅಂತ ಒಂದಿದ್ದರೆ ಅದು 62ರ ಮಗ್ಗಿಯ ಒಂದು ಸಂಖ್ಯೆಗೆ 1 ಕೂಡಿಸಿದ್ದು. 3, 5, 7, 11, 13 ಎಲ್ಲವೂ ಒಟ್ಟಿಗೆ ಹೊರಗೆ ಹೋದವು. ಒಂದನ್ನೂ ಭಾಗಿಸಿ ನೋಡಲಿಲ್ಲ!

ಇನ್ನೊಂದು ಜರಡಿ ಇದೆ. 2³¹ಕ್ಕೆ ಶೇಷ 1 ಆದರೆ 2³²ಕ್ಕೆ ಶೇಷ 2. ಆದರೆ 2³² ಅಂದರೆ 2¹⁶ರ ವರ್ಗ. ಅಂದರೆ ಆ ಭಾಜಕದ ಲೋಕದಲ್ಲಿ 2 ಒಂದು ಪೂರ್ಣ ವರ್ಗದಂತೆ ನಡೆದುಕೊಳ್ಳುತ್ತದೆ. ಇದು ಎಲ್ಲ ಅವಿಭಾಜ್ಯಗಳಿಗೂ ಆಗುವುದಿಲ್ಲ. 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರುವ ಬೆಸ ಅವಿಭಾಜ್ಯಗಳಿಗೆ ಮಾತ್ರ ಆಗುತ್ತದೆ. ಈ ನಿಯಮದ ಸಾಧನೆಯನ್ನು ನೀವು ಪದವಿಯಲ್ಲಿ ಸಂಖ್ಯಾ ಸಿದ್ಧಾಂತ ಓದುವಾಗ ಮಾಡುತ್ತೀರಿ. ಈಗ ಅದನ್ನು ಬಳಸೋಣ. 62ರ ಷರತ್ತು, 8ರ ಷರತ್ತು ಎರಡನ್ನೂ ಸೇರಿಸಿದರೆ ಭಾಜಕವನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಬೇಕು. 46340ರ ಒಳಗೆ ಅಂಥ ಸಂಖ್ಯೆಗಳು, 1 ಮತ್ತು 63ನ್ನು ಬಿಟ್ಟರೆ, 372. ಅವುಗಳಲ್ಲಿ ಅವಿಭಾಜ್ಯವಾದವು 80ರ ಆಸುಪಾಸು. ಆಯ್ಲರ್ ಇವನ್ನು ಮಾತ್ರ ನೋಡಿದರು. ಒಂದೂ ಭಾಗಿಸಲಿಲ್ಲ. ಸಾಧನೆ ಮುಗಿಯಿತು.

ಇದರ ಬಲ ಎಷ್ಟು ಅಂತ ಸಣ್ಣ ಸಂಖ್ಯೆಯಲ್ಲಿ ನೋಡಿ. 2¹³ − 1 ಅಂದರೆ 8191. ವರ್ಗಮೂಲ 90ರ ಹತ್ತಿರ. ಭಾಜಕ 26ರ ಮಗ್ಗಿಗೆ 1 ಕೂಡಿಸಿದ್ದಾಗಿರಬೇಕು: 27, 53, 79. 27 ಅವಿಭಾಜ್ಯ ಅಲ್ಲ. 53ಕ್ಕೆ 8ರಿಂದ ಶೇಷ 5, ಅದೂ ಹೋಯಿತು. ಉಳಿದದ್ದು 79 ಒಂದೇ. 79 × 103 = 8137. ಶೇಷ 54. ಒಂದೇ ಭಾಗಾಕಾರಕ್ಕೆ 8191 ಅವಿಭಾಜ್ಯ ಅಂತ ಸಾಧಿಸಿದೆವು. ಕಟಾಲ್ಡಿ ಭಾಗಿಸಿ ತೋರಿಸಿದ 2¹⁹ − 1, ಅಂದರೆ 524287, ಅದರ ವರ್ಗಮೂಲ 724. ಅಲ್ಲಿಯವರೆಗೆ 128 ಅವಿಭಾಜ್ಯಗಳಿವೆ. ಈ ಎರಡು ಜರಡಿ ಹಿಡಿದರೆ ಉಳಿಯುವುದು 191, 457, 647 ಮೂರೇ. ಕಟಾಲ್ಡಿ ತಪ್ಪಿದ 2²³ − 1ಕ್ಕೆ 46ರ ಮಗ್ಗಿ. ಮೊದಲ ಸಂಖ್ಯೆಯೇ 47. ಭಾಗಿಸಿ ನೋಡಿ: 47 × 178481 = 8388607. ಮೊದಲ ಏಟಿಗೇ ಒಡೆಯಿತು. ಇದನ್ನು 1640ರಲ್ಲಿ ಫರ್ಮಾ ಕಂಡುಕೊಂಡಿದ್ದರು.

ನಮ್ಮ ತರಗತಿಗಳಲ್ಲಿ ಅವಿಭಾಜ್ಯ ಸಂಖ್ಯೆಯ ವ್ಯಾಖ್ಯೆ ಬರೆಸಿ, ನೂರರವರೆಗೆ ಪಟ್ಟಿ ಮಾಡಿಸಿ ಮುಂದೆ ಹೋಗುತ್ತೇವೆ. ಮೇಷ್ಟರಾಗಿ ನನಗೆ ಇದು ಬಹಳ ಬೇಸರದ ವಿಷಯ. 23ರ ಆ ಎರಡು ಸುತ್ತುಗಳನ್ನು ಎಂಟನೇ ತರಗತಿಯ ಮಗುವೂ ಬರೆಯಬಲ್ಲದು. ಬರೆದ ಮೇಲೆ ಆ ಮಗುವಿಗೆ ಶೇಷ ಅಂದರೆ ಉಳಿದ ಚೂರು ಅಂತ ಮಾತ್ರ ಅನಿಸುವುದಿಲ್ಲ. ಅದರೊಳಗೊಂದು ಕ್ರಮ ಇದೆ ಅಂತ ಕಣ್ಣಿಗೇ ಕಾಣುತ್ತದೆ.

ಸರಿ, ಸಾಧಿಸಿದ್ದಾಯಿತು. ಅದರಿಂದ ಬಂದದ್ದೇನು? ಆ ಕಾಲಕ್ಕೆ ಬಂದದ್ದು ಒಂದು ಪರಿಪೂರ್ಣ ಸಂಖ್ಯೆ. 6ನ್ನು ಬಿಟ್ಟರೆ 6ರ ಭಾಜಕಗಳು 1, 2, 3. ಕೂಡಿಸಿದರೆ 6. 28ಕ್ಕೂ ಹಾಗೇ: 1, 2, 4, 7, 14 ಕೂಡಿಸಿ. ಮರ್ಸೆನ್ ಅವಿಭಾಜ್ಯ ಒಂದು ಸಿಕ್ಕರೆ ಪರಿಪೂರ್ಣ ಸಂಖ್ಯೆ ಒಂದು ಸಿಗುತ್ತದೆ ಅಂತ ಯೂಕ್ಲಿಡ್ ತೋರಿಸಿದ್ದರು. ಸಮ ಪರಿಪೂರ್ಣ ಸಂಖ್ಯೆಗಳೆಲ್ಲ ಹೀಗೇ ಬರುತ್ತವೆ ಅಂತ ಆಯ್ಲರ್ ಸಾಧಿಸಿದರು. ನಮ್ಮ ಸಂಖ್ಯೆಯನ್ನು 2³⁰ರಿಂದ ಗುಣಿಸಿದರೆ 2305843008139952128. ಇದು ಎಂಟನೆಯ ಪರಿಪೂರ್ಣ ಸಂಖ್ಯೆ.

1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ ಇದರ ಬಗ್ಗೆ ಬರೆದರು. ಮನುಷ್ಯರು ಕಂಡುಹಿಡಿಯುವ ಪರಿಪೂರ್ಣ ಸಂಖ್ಯೆಗಳಲ್ಲಿ ಇದೇ ಕೊನೆಯ ದೊಡ್ಡದು, ಇವು ಕುತೂಹಲದ ವಸ್ತುಗಳೇ ಹೊರತು ಉಪಯೋಗದವಲ್ಲ, ಆದ್ದರಿಂದ ಇದನ್ನು ಮೀರಿ ಹುಡುಕಲು ಯಾರೂ ಹೋಗಲಾರರು ಅನ್ನುವುದು ಅವರ ಅಭಿಪ್ರಾಯ. ಮೊದಲ ಮಾತು ಆ ಶತಮಾನದಲ್ಲೇ ಸುಳ್ಳಾಯಿತು. 1876ರಲ್ಲಿ ಲ್ಯೂಕಾ 2¹²⁷ − 1 ಅವಿಭಾಜ್ಯ ಅಂತ ತೋರಿಸಿದರು, 39 ಅಂಕಿಯ ಸಂಖ್ಯೆ. ಉಪಯೋಗದ ಮಾತಿಗೆ ಉತ್ತರ ನಿಮ್ಮ ಜೇಬಿನಲ್ಲೇ ಇದೆ.

ಕಂಪ್ಯೂಟರ್‌ಗಳು ಬಹಳ ಕಾಲ ಪೂರ್ಣಾಂಕಗಳನ್ನು 32 ಬಿಟ್‌ಗಳಲ್ಲಿ, ಅಂದರೆ 0 ಅಥವಾ 1 ಬರೆಯುವ 32 ಜಾಗಗಳಲ್ಲಿ, ಬರೆದಿಡುತ್ತಿದ್ದವು. ಒಂದು ಬಿಟ್ ಧನವೋ ಋಣವೋ ಅಂತ ಹೇಳಲು. ಉಳಿದದ್ದು 31. ಎಲ್ಲ ಗೇಟೂ ತೆರೆದರೆ ಬರುವ ಅತಿ ದೊಡ್ಡ ಸಂಖ್ಯೆ ಯಾವುದು? ಬೋರ್ಡ್ ನೋಡಿ. 2014ರ ಕೊನೆಯಲ್ಲಿ ಕೊರಿಯಾದ ಒಂದು ಹಾಡಿನ ವಿಡಿಯೊವನ್ನು ನೋಡಿದವರ ಲೆಕ್ಕ ಈ ಸಂಖ್ಯೆಯನ್ನು ದಾಟಿತು. ಯೂಟ್ಯೂಬ್ ತನ್ನ ಎಣಿಕೆಯನ್ನು 64 ಬಿಟ್‌ಗೆ ಬದಲಾಯಿಸಬೇಕಾಯಿತು. ಇನ್ನೊಂದು ಮುಂದೆ ಬರಲಿದೆ. ಎಷ್ಟೋ ಯಂತ್ರಗಳು ಹೊತ್ತನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ಆ ಎಣಿಕೆ 2147483647 ಮುಟ್ಟುವುದು 2038ರ ಜನವರಿ 19, ಮಂಗಳವಾರ. ನಮ್ಮ ಗಡಿಯಾರದಲ್ಲಿ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್. 32 ಬಿಟ್‌ನಲ್ಲೇ ಉಳಿದ ಯಂತ್ರದಲ್ಲಿ ಮುಂದಿನ ಸೆಕೆಂಡಿಗೆ ಎಣಿಕೆ ಋಣಕ್ಕೆ ಜಾರಿ 1901ರ ಡಿಸೆಂಬರ್ ತೋರಿಸುತ್ತದೆ. ಹೊಸ ಫೋನ್‌ಗಳು 64 ಬಿಟ್‌ನವು, ಅವುಗಳ ಚಿಂತೆ ಬೇಡ. ವರ್ಷಗಟ್ಟಲೆ ಬದಲಾಯಿಸದೆ ಓಡಿಸುವ ಹಳೆಯ ಯಂತ್ರಗಳನ್ನು ಅಷ್ಟರೊಳಗೆ ಹುಡುಕಿ ಸರಿಮಾಡಬೇಕು. ಆ ಕೆಲಸ ಮಾಡುವವರಲ್ಲಿ ನಿಮ್ಮಲ್ಲಿ ಕೆಲವರೂ ಇರಬಹುದು.

ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ಈ ಎರಡರಲ್ಲೂ ಕೆಲಸ ಮಾಡಿದ್ದು ಸಂಖ್ಯೆಯ ಗಾತ್ರ. ಅದು ಅವಿಭಾಜ್ಯ ಆಗಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅವಿಭಾಜ್ಯತೆಯೇ ಕೆಲಸಕ್ಕೆ ಬರುವ ಜಾಗ ಬೇರೆ. ಕಂಪ್ಯೂಟರ್ ಆಟದಲ್ಲಿ ದಾಳ ಉರುಳಬೇಕು. ಯಂತ್ರಕ್ಕೆ ದಾಳ ಎಲ್ಲಿಂದ ಬರಬೇಕು? 1ರಿಂದ ಶುರು ಮಾಡಿ, 16807ರಿಂದ ಗುಣಿಸಿ, ನಮ್ಮ ಸಂಖ್ಯೆಯಿಂದ ಭಾಗಿಸಿ, ಶೇಷ ಇಟ್ಟುಕೊಳ್ಳಿ. ಮತ್ತೆ ಅದನ್ನೇ ಮಾಡಿ. 1, 16807, 282475249, 1622650073. ನೋಡಿದರೆ ಒಂದಕ್ಕೊಂದು ತಾಳಮೇಳ ಇಲ್ಲ ಅನಿಸುತ್ತದೆ. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಎಂಬಿಬ್ಬರು ಕನಿಷ್ಠ ಇಷ್ಟಾದರೂ ಗುಣಮಟ್ಟ ಇರಲಿ ಅಂತ ಇದನ್ನು ಮುಂದಿಟ್ಟರು. ಸಿ ಪ್ಲಸ್ ಪ್ಲಸ್ ಕಲಿಯುವವರಿಗೆ ಆ ಭಾಷೆಯ ಲೈಬ್ರರಿಯಲ್ಲಿ ಇದು ಸಿಗುತ್ತದೆ. ಇವತ್ತು ಗುಟ್ಟು ಕಾಪಾಡುವ ಕೆಲಸಕ್ಕೆ ಇದು ಸಾಲದು. ಕಲಿಯಲು ಮಾತ್ರ ಬಹಳ ಒಳ್ಳೆಯದು.

16807 ಅಂದರೆ 7ರ ಐದನೇ ಘಾತ. ಇದನ್ನೇ ಯಾಕೆ ಆರಿಸಿದರು? ಮತ್ತೆ ಸುತ್ತುಗಳ ಲೆಕ್ಕವೇ. ಈ ಸಲ ಶೇಷಗಳು ನಮ್ಮ ಸಂಖ್ಯೆಯವೇ, 1ರಿಂದ 2147483646ರವರೆಗೆ. 2ರಿಂದ ಗುಣಿಸುತ್ತಾ ಹೋದರೆ 31 ಹೆಜ್ಜೆಗೇ ಸುತ್ತು ಮುಗಿಯುತ್ತದೆ. ದಾಳವಾಗಿ ಅದು ಯಾವ ಪ್ರಯೋಜನಕ್ಕೂ ಇಲ್ಲ. 7ರಿಂದ ಗುಣಿಸಿದರೆ? 214 ಕೋಟಿಗೂ ಮಿಕ್ಕ ಅಷ್ಟೂ ಶೇಷಗಳನ್ನು ಒಂದೂ ಬಿಡದೆ ಮುಟ್ಟಿ ಆಮೇಲೆ 1ಕ್ಕೆ ಮರಳುತ್ತದೆ. ಸುತ್ತಿನ ಉದ್ದ ಯಾವಾಗಲೂ 2147483646ನ್ನು ಭಾಗಿಸಬೇಕು. ಅದನ್ನು ಒಡೆದರೆ 2 × 3 × 3 × 7 × 11 × 31 × 151 × 331. ಇದರಲ್ಲಿ 31 ಇದೆ ನೋಡಿ, ಇರಲೇಬೇಕು, 2ರ ಸುತ್ತು ಅಷ್ಟುದ್ದ. 5 ಇದರಲ್ಲಿ ಇಲ್ಲ. ಹಾಗಾಗಿ 7ರ ಬದಲು ಅದರ ಐದನೇ ಘಾತದಿಂದ ಗುಣಿಸಿದರೂ ಸುತ್ತು ಪೂರ್ತಿಯೇ ಉಳಿಯುತ್ತದೆ, ಹೆಜ್ಜೆ ಮಾತ್ರ ದೊಡ್ಡದಾಗುತ್ತದೆ. 1772ರಲ್ಲಿ ಆಯ್ಲರ್‌ಗೆ ಭಾಗಾಕಾರ ಉಳಿಸಿಕೊಟ್ಟ ವಿಚಾರ ಮತ್ತು ನಿಮ್ಮ ಆಟದ ದಾಳದ ವಿಚಾರ ಎರಡೂ ಒಂದೇ ಅಂತ ನಾನು ಹೇಳುವುದು ಇದಕ್ಕೇ.

ಇವತ್ತು ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯದ ಬಗ್ಗೆಯೂ ಕೇಳುತ್ತೀರಿ, ಅಲ್ವಾ? ಅದು 2ರ ಘಾತ 136279841, ಅದರಿಂದ 1 ಕಳೆದದ್ದು. 2024ರ ಅಕ್ಟೋಬರ್‌ನಲ್ಲಿ ಲೂಕ್ ಡ್ಯುರಂಟ್ ಕಂಡುಹಿಡಿದರು. 4 ಕೋಟಿ 10 ಲಕ್ಷದ 24 ಸಾವಿರದ 320 ಅಂಕಿಗಳು. 1996ರಿಂದ ನಡೆಯುತ್ತಿರುವ ಗಿಂಪ್ಸ್ ಎಂಬ ಹುಡುಕಾಟದಲ್ಲಿ ಸಿಕ್ಕಿದ್ದು. ಯಾರು ಬೇಕಾದರೂ ತಮ್ಮ ಕಂಪ್ಯೂಟರ್‌ನಿಂದ ಅದರಲ್ಲಿ ಸೇರಬಹುದು. ಇಷ್ಟು ದೊಡ್ಡದಕ್ಕೆ ಜರಡಿಯ ದಾರಿ ಸಾಲದು. ಅದಕ್ಕೆ ಲ್ಯೂಕಾ ಶುರು ಮಾಡಿ ಲೆಹ್ಮರ್ ಸರಳಗೊಳಿಸಿದ ಪರೀಕ್ಷೆ ಇದೆ. 4ರಿಂದ ಹೊರಡಿ. ವರ್ಗ ಮಾಡಿ 2 ಕಳೆಯಿರಿ, ಶೇಷ ತೆಗೆಯಿರಿ. 127ಕ್ಕೆ ಮಾಡಿದರೆ 4, 14, 67, 42, 111, 0. ಘಾತಕ್ಕಿಂತ ಎರಡು ಕಡಿಮೆ ಹೆಜ್ಜೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. 127 ಅಂದರೆ 2⁷ − 1, ಐದು ಹೆಜ್ಜೆ. ನಮ್ಮ ಸಂಖ್ಯೆಗೆ 29 ಹೆಜ್ಜೆ ಸಾಕು.

ಒಬ್ಬ ವಿದ್ಯಾರ್ಥಿನಿ ಆಗಲೇ ಚೀಟಿ ಕಳಿಸಿದ್ದಾಳೆ. 2147483647 ಅವಿಭಾಜ್ಯ ಆದರೆ ಅದನ್ನೇ ಘಾತ ಮಾಡಿದರೆ ಮತ್ತೊಂದು ಸಿಗುತ್ತದಾ ಅಂತ. ಒಳ್ಳೆಯ ಪ್ರಶ್ನೆ. ಆ ಸಂಖ್ಯೆಗೆ 64 ಕೋಟಿಗೂ ಹೆಚ್ಚು ಅಂಕಿಗಳು. ಅದು ಅವಿಭಾಜ್ಯ ಅಲ್ಲ. 1983ರಲ್ಲಿ ಅದರ ಒಂದು ಭಾಜಕ ಸಿಕ್ಕಿತು: 295257526626031. ಇದರಿಂದ 1 ಕಳೆದು, ನಮ್ಮ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ. ಸರಿಯಾಗಿ 68745 ಬರುತ್ತದೆ. ಅದೇ ಮಗ್ಗಿಯ ನಿಯಮ ಅಲ್ಲಿಯೂ. 2ರಿಂದ ಹೊರಟರೆ ಮಾತ್ರ 3, 7, 127, ಆಮೇಲೆ 2¹²⁷ − 1, ಎಲ್ಲವೂ ಅವಿಭಾಜ್ಯ. ಅದರ ಮುಂದಿನದು ಏನು ಅಂತ ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ.

ಮನೆಯಲ್ಲಿ ಮಾಡಲು ಒಂದು ಲೆಕ್ಕ. 2¹⁷ − 1 ಅಂದರೆ 131071. ವರ್ಗಮೂಲ 362. 34ರ ಮಗ್ಗಿ ಹಿಡಿದು, 8ರ ಷರತ್ತು ಹಾಕಿದರೆ 103, 137, 239 ಮೂರು ಉಳಿಯುತ್ತವೆ. ಮೂರರಿಂದಲೂ ಭಾಗಿಸಿ. 137ರಿಂದ ಮತ್ತು 239ರಿಂದ ಭಾಗಿಸಿದಾಗ ಎರಡಕ್ಕೂ ಒಂದೇ ಶೇಷ ಬರುತ್ತದೆ, 99. ಯಾಕೆ ಹಾಗೆ ಅಂತ ನೀವೇ ಹುಡುಕಿ. 137ನ್ನು 239ರಿಂದ ಗುಣಿಸುವುದರಿಂದ ಶುರು ಮಾಡಿ.